ಓಣಿಗೊಂದು ಸಿಹಿ ಗಿಡ

ಕೊಳೆತ ದಾಳಿಂಬೆಯೊಂದು ಕಾಂಪೌಂಡ್ ಗೋಡೆ ದಾಟಿ ಬಂದು ಬಸಲಿಂಗವ್ವನ ರಂಗೋಲಿಯ ಮೇಲೆಯೇ ಬಿದ್ದು ಒಡೆಯಿತು. ಆಗಷ್ಟೇ ಕೊನೆಯ ಎಳೆ ಮುಗಿಸಿ ಸೊಂಟ ಹಿಡಿದುಕೊಂಡು ಮೇಲೇಳುತ್ತಿದ್ದ ಬಸಲಿಂಗವ್ವ, ಹಣ್ಣಿನೊಳಗಿಂದ ತೆವಳಿ ಹೊರಬಂದ ಕಂದು ಹುಳವನ್ನೊಮ್ಮೆ ನೋಡಿದಳು, ಎದುರು ಮನೆಯ ಕಟ್ಟೆಯನ್ನೊಮ್ಮೆ ನೋಡಿದಳು.

"ಯಾವಾಕಿನ ಒಗದಾಕಿ? ಕೈ ಸೇದಿ ಹೋಗಲಿ ನಿಂದು! ಮುಂದ ಬಂದು ಒಗಿ, ನೋಡತೀನಿ."

ಎದುರು ಕಟ್ಟೆಯ ಮೇಲೆ ಕಸ್ತೂರವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆಯನ್ನೂ ಎತ್ತಲಿಲ್ಲ. "ನಿಮ್ಮ ಮಾಲು ನಿಮಗ ಬಂತಬೇ. ಉಳ್ಳಿಕೋತ ನಮ್ಮ ಅಂಗಳಕ್ಕ ಬಂದಿತ್ತು, ಹೊಳ್ಳಿ ಕಳಿಸೀನಿ."

"ಓಣಿ ದಾಟಿ ಬರಾಕ ಹಣ್ಣಿಗೇನ ಕಾಲ ಅದಾವನ?"

"ಹಣ್ಣಿಗೆ ಇಲ್ಲದಿದ್ದರ ಏನಾತು, ಒಳಗಿನವಕ್ಕ ಅದಾವಲ್ಲ!"

ಓಣಿಯ ನಳದ ಹತ್ತಿರ ಕೊಡ ಹಿಡಿದು ನಿಂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಬಸಲಿಂಗವ್ವನ ಸೊಸೆ ಮಹಾನಂದಾ ಬುತ್ತಿ ಡಬ್ಬಿ ಹಿಡಿದು ಹೊಸ್ತಿಲಲ್ಲೇ ನಿಂತುಬಿಟ್ಟಳು. ಅವರ ನಗು ಮುಗಿಯುವ ತನಕ ಬೀದಿಗಿಳಿಯುವ ಧೈರ್ಯ ಅವಳಿಗಿರಲಿಲ್ಲ. ನಗು ಮುಗಿದಂತೆ ಕಂಡಾಗ ತಲೆ ತಗ್ಗಿಸಿ ಸರಸರ ನಡೆದಳು. ಅವಳು ದಾಟಿ ಹೋಗುವಾಗ ಒಬ್ಬಾಕೆ ತನ್ನ ಕೊಡವನ್ನು ಸೆರಗಿನಿಂದ ಮುಚ್ಚಿಕೊಂಡಳು, ಮಹಾನಂದಾಳ ನೆರಳಿನಿಂದಲೂ ಹುಳ ಉದುರುತ್ತವೆ ಎಂಬಂತೆ.

ಆ ಕಾಲಕ್ಕೆ ಆ ಸೀಮೆಯಲ್ಲಿ ದಾಳಿಂಬೆಯ ದೊಡ್ಡ ತೋಟಗಳೆಂಬವು ಉಳಿದಿರಲಿಲ್ಲ. ಔಷಧ ಹೊಡೆದು ಹೊಡೆದು ಕಾಯಿಕೊರಕ ಹುಳ ಯಾವ ವಿಷಕ್ಕೂ ಜಗ್ಗದಂತಾಗಿತ್ತು. ಒಂದು ತೋಟಕ್ಕೆ ಬಿತ್ತೆಂದರೆ ಹರದಾರಿ ದೂರದವರೆಗೆ ಒಂದು ಕಾಯಿಯೂ ಉಳಿಯುತ್ತಿರಲಿಲ್ಲ. ಕಡೆಗೆ ಸರ್ಕಾರ ಔಷಧವನ್ನು ನಿಲ್ಲಿಸಿತು, ತೋಟಗಳನ್ನು ಬೇರುಸಹಿತ ಕೀಳಿಸಿತು, ಮನೆಗೊಂದೇ ಗಿಡ ಎಂಬ ಹೊಸ ಪದ್ಧತಿ ತಂದಿತು. ಗುಡ್ಡದ ಬಡಾವಣೆಯ ಮನೆಗಳನ್ನು ಕೊಟ್ಟಿದ್ದೇ ಆ ಕರಾರಿನ ಮೇಲೆ. ಅಂಗಳದಲ್ಲಿ ಒಂದು ದಾಳಿಂಬೆ ಗಿಡ ಸಾಕಬೇಕು. ಗಿಡ ಇರುವ ತನಕ ಮನೆ, ಗಿಡ ಹೋದರೆ ಮನೆಯೂ ಹೋಯಿತು.

ಪ್ರತಿ ಗಿಡದ ಬುಡದಲ್ಲೂ ಮೊಣಕಾಲೆತ್ತರದ ಒಂದು ಬೂದುಬಣ್ಣದ ಕೋಲು. ಜನ ಅದನ್ನು ಮೂಗುಗೋಲು ಎನ್ನುತ್ತಿದ್ದರು. ಅದರ ಕೆಲಸ ಹೀಗೆ: ಹುಳ ಕಚ್ಚಿದಾಗ ಗಿಡ ಸುಮ್ಮನಿರುವುದಿಲ್ಲ, ಒಂದು ವಾಸನೆ ಬಿಡುತ್ತದೆ. ಹುಲ್ಲು ಕೊಯ್ದಾಗ ನಮಗೆ ಬರುತ್ತದಲ್ಲ, ಅಂಥದ್ದೇ, ಆದರೆ ನಮ್ಮ ಮೂಗಿಗೆ ಎಟುಕದಷ್ಟು ಮಂದ. ಆ ವಾಸನೆ ಬಡಿದ ಪಕ್ಕದ ಗಿಡ ಹುಳ ಬರುವ ಮೊದಲೇ ತನ್ನ ಎಲೆಗೂ ಕಾಯಿಯ ಸಿಪ್ಪೆಗೂ ಕಹಿ ತುಂಬಿಕೊಳ್ಳುತ್ತದೆ. ಗಿಡಗಳು ದೂರದೂರ ಇದ್ದರೆ ಈ ಸುದ್ದಿ ಮುಟ್ಟುವುದಿಲ್ಲ. ಮೂಗುಗೋಲು ಆ ಸುದ್ದಿಯನ್ನು ಮೂಸಿ, ನಿಗಾ ಕೊಠಡಿಗೆ ಕಳಿಸಿ, ಉಳಿದ ಕೋಲುಗಳಿಂದ ಅದೇ ವಾಸನೆಯನ್ನು ಮಂಜಿನಂತೆ ಊದಿಸುತ್ತಿತ್ತು. ಒಂದು ಗಿಡಕ್ಕೆ ಹುಳ ಮುಟ್ಟಿದರೆ ಓಣಿಯ ಅಷ್ಟೂ ಗಿಡ ಕಹಿಯಾಗುತ್ತಿದ್ದವು. ಹಣ್ಣಿನ ಕಾಳು ಮಾತ್ರ ಸಿಹಿಯಾಗಿಯೇ ಉಳಿಯುತ್ತಿತ್ತು.

ಓಣಿಯ ಎಲ್ಲ ಮನೆಗಳಲ್ಲೂ ಹೀಗೆ ಚೆನ್ನಾಗಿಯೇ ನಡೆದಿತ್ತು, ಬಸಲಿಂಗವ್ವನ ಮನೆಯೊಂದನ್ನು ಬಿಟ್ಟು. ಅವಳ ಗಿಡ ಓಣಿಗೇ ಸೊಂಪಾದದ್ದು. ಅಕ್ಕಿ ತೊಳೆದ ನೀರು, ಮಜ್ಜಿಗೆಯ ಗಡಿಗೆ ತೊಳೆದ ನೀರು, ಒಲೆಯ ಬೂದಿ, ಎಲ್ಲವೂ ಅದರ ಬುಡಕ್ಕೆ ಹೋಗುತ್ತಿತ್ತು. ಹೂ ಬಿಟ್ಟಿತೆಂದರೆ ಗಿಡವೆಲ್ಲ ಕೆಂಪಾಗುತ್ತಿತ್ತು. ಆದರೆ ಕಾಯಿ ನಿಂಬೆಗಾತ್ರ ಆಗುವಷ್ಟರಲ್ಲಿ ತೂತು ಬೀಳುತ್ತಿತ್ತು, ತೂತಿನಿಂದ ಹುಳದ ಹಿಕ್ಕೆ ಸುರಿಯುತ್ತಿತ್ತು, ಅಂಗಳವೆಲ್ಲ ನಾರುತ್ತಿತ್ತು. ಯಂತ್ರ ಎಲ್ಲರಿಗೂ ಒಂದೇ ಅಂದಮೇಲೆ ತಪ್ಪು ಮನೆಯವರದೇ ಇರಬೇಕು ಎಂದು ಓಣಿ ತೀರ್ಮಾನಿಸಿತು. ಆ ಮನೆಯಲ್ಲಿ ಶುದ್ಧವಿಲ್ಲ ಎಂದರು. ಗಂಡ ಲಾರಿ ಮೇಲೆ ಹೋದಾಗ ಸೊಸೆ ಹಗಲೆಲ್ಲ ಹೊರಗಿರುತ್ತಾಳೆ, ಮನೆ ಹ್ಯಾಂಗ ಇದ್ದೀತು ಎಂದರು. ಓಣಿಯ ಪಂಚ ಕಸ್ತೂರವ್ವನ ಗಂಡ ಗೂಳಪ್ಪ ಮಾಸ್ತರ. ಅವರು ಎಲ್ಲರನ್ನೂ ಕೂಡಿಸಿ ಒಂದು ಕಟ್ಟು ಹಾಕಿದರು: ಯಾರ ಗಿಡ ಹುಳಕ್ಕೆ ತವರಾಗುತ್ತದೋ ಆ ಗಿಡವನ್ನು ದಸರೆಯೊಳಗೆ ಕಡಿಯಬೇಕು.

"ಒಂದ ಮನಿ ಸಲುವಾಗಿ ಓಣಿ ಕೆಡಬಾರದು. ಇದರಾಗ ನಮ್ಮವರು ತಮ್ಮವರು ಅನ್ನೂದಿಲ್ಲ," ಎಂದಿದ್ದರು ಮಾಸ್ತರು. ಎಲ್ಲರೂ ಹೌದು ಹೌದು ಎಂದಿದ್ದರು.

ಮಹಾನಂದಾ ಕೆಲಸ ಮಾಡುತ್ತಿದ್ದುದು ಅದೇ ನಿಗಾ ಕೊಠಡಿಯಲ್ಲಿ. ಊರ ಹೊರಗಿನ ಹತ್ತಿ ಬೀಜ ಬಿಡಿಸುವ ಹಳೆಯ ಜಿನ್ನಿನ ಕಟ್ಟಡವದು. ಗೋಡೆಯಷ್ಟಗಲದ ಪರದೆಯ ಮೇಲೆ ಚುಕ್ಕೆಗಳು, ಒಂದೊಂದು ಚುಕ್ಕೆ ಒಂದೊಂದು ಗಿಡ. ಓಣಿಗಳ ಹೆಸರಿತ್ತು, ಮನೆಗಳ ಹೆಸರಿರಲಿಲ್ಲ, ಬರೀ ನಂಬರು. ಹಸಿರು ಚುಕ್ಕೆ ಕೆಂಪಾದರೆ ಹುಳ ಕಚ್ಚಿದೆ ಎಂದರ್ಥ. ಆಗ ಒಂದು ಗುಂಡಿ ಒತ್ತಬೇಕು, ಓಣಿಯ ಕೋಲುಗಳೆಲ್ಲ ಊದಲು ತೊಡಗುತ್ತವೆ. ಮಾತಾಡುವ ಕೆಲಸವಲ್ಲ, ನೋಡುವ ಕೆಲಸ. ಅದಕ್ಕೇ ಅವಳಿಗೆ ಒಗ್ಗಿತ್ತು. ಪ್ರತಿ ಓಣಿಯಲ್ಲೂ ಒಂದು ಹಳದಿ ಚುಕ್ಕೆಯಿರುತ್ತಿತ್ತು. ಅದು ಅಳತೆಯ ಗಿಡ, ಅದರ ಗೊಡವೆಗೆ ಹೋಗಬೇಡಿ ಎಂದು ಮೊದಲ ದಿನವೇ ಹೇಳಿದ್ದರು. ಅವಳು ಹೋಗಿರಲಿಲ್ಲ.

ಅಮಾವಾಸ್ಯೆ ಬಂತು. ಮಹಾನಂದಾಳ ಗಂಡ ಈರಣ್ಣ ಮನೆಯಲ್ಲಿದ್ದಾಗ ಅಮಾವಾಸ್ಯೆಗೆ ಲಾರಿ ತೊಳೆದು, ವಿಭೂತಿ ಹಚ್ಚಿ, ನಿಂಬೆಹಣ್ಣು ಕಟ್ಟಿ, ಗಾಲಿಗಾಲಿಗೂ ಲೋಬಾನದ ಹೊಗೆ ತೋರಿಸುತ್ತಿದ್ದ. ಈ ಸಲ ಅವನೂ ಇರಲಿಲ್ಲ, ಲಾರಿಯೂ ಇರಲಿಲ್ಲ. ಬಸಲಿಂಗವ್ವ ಬೆಳಿಗ್ಗೆಯೇ ಕೆಂಡ ಮಾಡಿಟ್ಟುಕೊಂಡಿದ್ದಳು.

"ಈ ಕೋಲಿಗೆ ದೃಷ್ಟಿ ತಾಗೇತಿ ನೋಡ, ನಂದಾ. ಇಲ್ಲಂದರ ಊರ ಮಂದೀದೆಲ್ಲ ಕೆಲಸ ಮಾಡತೈತಿ, ನಮ್ಮದೊಂದ ಯಾಕ ಮಾಡವಲ್ದು? ಇವತ್ತ ಇದಕ್ಕೂ ಹೊಗಿ ಹಾಕತೀನಿ."

"ಅದನ್ನ ಮುಟ್ಟಬಾರದು ಅಂದಾರ್ರಿ ಅತ್ತಿ."

"ನಾ ಎಲ್ಲಿ ಮುಟ್ಟತೀನಿ? ಹೊಗಿ ಮುಟ್ಟತೈತಿ."

ಮಹಾನಂದಾ ಕೊಠಡಿಗೆ ಬಂದು ಕುರ್ಚಿಯಲ್ಲಿ ಕೂತು ಸ್ವಲ್ಪ ಹೊತ್ತಾಗಿರಬಹುದು. ಅವರ ಓಣಿಯ ಹಳದಿ ಚುಕ್ಕೆ ಬೂದುಬಣ್ಣಕ್ಕೆ ತಿರುಗಿತು. ಪಕ್ಕದಲ್ಲಿ 'ಹೊಗೆ' ಎಂದು ಮೂಡಿತು. ಬೇರೆ ಯಾವ ಚುಕ್ಕೆಯೂ ಅಲುಗಲಿಲ್ಲ. ಅವಳಿಗೆ ಬೆಳಿಗ್ಗೆಯ ಕೆಂಡ ನೆನಪಾಯಿತು. ಎದ್ದು ಮೂಲೆಗೆ ಹೋಗಿ ಮನೆಗೆ ಫೋನು ಹಚ್ಚಿದಳು.

"ಅತ್ತಿ, ಹೊಗಿ ಹಾಕಾಕತ್ತೀರೇನು?"

"ಹೂಂ. ಈಗ ಹಾಕಾಕತ್ತೀನಿ."

"ಒಂದೀಟು ಕೆಂಡ ಆ ಕಡೆ ಸರಿಸ್ರಿ."

"ಯಾಕ?"

"ಸರಿಸ್ರಿ ಅತ್ತಿ."

ಚುಕ್ಕೆ ನಿಧಾನವಾಗಿ ಹಳದಿಯಾಯಿತು.

"ಈಗ ಮತ್ತ ಹಾಕ್ರಿ."

"ನಿನಗ ತಲಿ ನೆಟ್ಟಗೈತೋ ಇಲ್ಲೋ? ದೇವರ ಕೆಲಸದಾಗ ಹಿಡಿ ಅಂತೀ, ಬಿಡು ಅಂತೀ!" ಎನ್ನುತ್ತಲೇ ಅತ್ತೆ ಕೆಂಡದ ಮೇಲೆ ಇನ್ನಷ್ಟು ಲೋಬಾನ ಹಾಕಿರಬೇಕು. ಚುಕ್ಕೆ ಮತ್ತೆ ಬೂದುಬಣ್ಣವಾಯಿತು.

ಡಾಕ್ಟರ್ ರೇವಡಿಹಾಳರು ಆ ಕೇಂದ್ರದ ಮುಖ್ಯಸ್ಥರು, ಮೂಗುಗೋಲನ್ನು ಕಂಡುಹಿಡಿದ ತಂಡದಲ್ಲಿದ್ದವರು. ಅವರ ಕೋಣೆಗೆ ಮಹಾನಂದಾ ಆವರೆಗೆ ಸಹಿ ಹಾಕಿಸಲು ಮಾತ್ರ ಹೋಗಿದ್ದಳು. ಅಂದು ಬಾಗಿಲು ದೂಡಿಕೊಂಡು ಹೋದವಳಿಗೆ ಮಾತು ಎಲ್ಲಿಂದ ಶುರುಮಾಡಬೇಕೋ ತಿಳಿಯಲಿಲ್ಲ.

"ಸರ, ಹಳದಿ ಚುಕ್ಕಿ ನಮ್ಮ ಮನೀದು."

ಅವರು ಕನ್ನಡಕ ತೆಗೆದರು. ಅಲ್ಲಗಳೆಯಲಿಲ್ಲ. "ಯಾರ ಹೇಳಿದರು?"

"ಯಾರೂ ಹೇಳಿಲ್ಲರಿ. ಅಳತಿ ಗಿಡ ಅಂದರ ಏನ್ರಿ?"

"ಕೂಡು." ಅವಳು ಕೂಡಲಿಲ್ಲ. ಅವರೇ ಮುಂದುವರಿಸಿದರು. "ಓಣಿಯೊಳಗಿನ ಎಲ್ಲಾ ಗಿಡ ಕಹಿ ಮಾಡಿದರ ಏನಾಗತೈತಿ ಗೊತ್ತೇನು? ಹುಳ ಉಪವಾಸ ಬೀಳತಾವ. ಸಾವಿರಕ್ಕೊಂದು ಹುಳ ಕಹಿನೂ ತಿಂದು ಬದಕತೈತಿ. ಅದರ ಮಕ್ಕಳು, ಮೊಮ್ಮಕ್ಕಳು ಎಲ್ಲಾ ಕಹಿ ತಿನ್ನೂವ ಆಗತಾವ. ಆಮ್ಯಾಲ ಯಾವ ಕೋಲೂ ನಡಿಯೂದಿಲ್ಲ. ತೋಟ ಹಿಂಗ ಹೋದವು. ಅದಕ್ಕ ಅವಕ್ಕ ಉಣ್ಣಾಕ ಒಂದು ಸಿಹಿ ಗಿಡ ಬಿಡಬೇಕು. ಉಂಡು ಅಲ್ಲೇ ಬಿದ್ದಿರತಾವ, ಬ್ಯಾರೆ ಕಡೆ ಹೋಗೂದಿಲ್ಲ."

"ಹಂಗಾದರ ನಮ್ಮ ಕೋಲು ಕೆಟ್ಟಿಲ್ಲ."

"ಕೆಟ್ಟಿಲ್ಲ. ಅದು ಹುಳದ ಮೊಟ್ಟಿ ಇಡೂ ಚಿಟ್ಟೀನ ಕರೀತೈತಿ. ಹೂವಿನ ವಾಸನೀನ ಹತ್ತರಷ್ಟು ಮಾಡಿ ಊದತೈತಿ."

ಮಹಾನಂದಾಳಿಗೆ ಅತ್ತೆ ಬೆಳಬೆಳಿಗ್ಗೆ ಗಿಡದ ಬುಡಕ್ಕೆ ಅಕ್ಕಿ ತೊಳೆದ ನೀರು ಹಾಕುವುದು ಕಣ್ಣಮುಂದೆ ಬಂತು. "ನಮ್ಮದ ಯಾಕ್ರಿ?"

"ಯಂತ್ರಕ್ಕ ಮನಿ ಗೊತ್ತಿಲ್ಲ, ಗಿಡ ಅಷ್ಟ ಗೊತ್ತು. ಗಟ್ಟಿ ಗಿಡ ಇರಬೇಕು, ಎಷ್ಟು ತಿಂದರೂ ಮತ್ತ ಚಿಗೀಬೇಕು. ಓಣಿಯೊಳಗ ಛಲೋ ಸಾಕಿದ್ದು ನಿಮ್ಮದ."

"ಕಡೀತೀವಿ ಅಂತಾರ್ರಿ. ಮನಿ ಹೋಗತೈತಿ. ನೀವು ಒಂದ ಮಾತು ಬಂದು ಹೇಳಿದರ—"

"ಹೇಳಿದರ ಎಲ್ಲಾರೂ ಕೋಲು ಕಿತ್ತ ಒಗೀತಾರ. ಯಾರು ತಮ್ಮ ಗಿಡ ಹುಳಕ್ಕ ಕೊಡತಾರ?" ರೇವಡಿಹಾಳರು ತಮ್ಮ ಮೇಜಿನ ಪರದೆಯನ್ನು ಅವಳ ಕಡೆಗೆ ತಿರುಗಿಸಿದರು. ಅದರ ಮೇಲೆ ಅವಳ ಓಣಿಯ ಚುಕ್ಕೆಗಳು, ಚುಕ್ಕೆಗಳ ಪಕ್ಕದಲ್ಲಿ ಮನೆಗಳ ಹೆಸರು. "ಇಲ್ಲೇ ಕೆಲಸ ಮಾಡಾಕಿ ಅದೀ ಅಂತ ಇಷ್ಟು ಮಾಡತೀನಿ. ಬ್ಯಾರೆ ಮನಿ ಆರಿಸು. ಆದರ ನೀನ ಆರಿಸಬೇಕು. ನಾ ಹೇಳೂದಿಲ್ಲ."

ನಳದ ಹತ್ತಿರ ಕೇಳಿದ್ದ ನಗು ಅವಳ ಕಿವಿಯಲ್ಲಿ ಇನ್ನೂ ಇತ್ತು. ಯೋಚಿಸುವಂಥದ್ದೇನೂ ಇಲ್ಲವೆನ್ನಿಸಿತು. ಕಸ್ತೂರವ್ವನ ಚುಕ್ಕೆಯ ಮೇಲೆ ಬೆರಳಿಟ್ಟಳು. ಸಂಕೋಚಕ್ಕೆ ಹೆಸರಾದ ಹುಡುಗಿ, ಯಾರನ್ನೂ ನೆಟ್ಟಗೆ ನೋಡದವಳು, ಅಂದು ಮನೆಗೆ ಹೋಗುವಾಗ ಎದುರು ಕಟ್ಟೆಯನ್ನು ಕಣ್ಣು ತುಂಬ ನೋಡಿದಳು.

ವಾರ ಕಳೆಯುವಷ್ಟರಲ್ಲಿ ಬಸಲಿಂಗವ್ವನ ಗಿಡಕ್ಕೆ ಹೊಸ ತೂತು ಬೀಳುವುದು ನಿಂತಿತು. ಬಸಲಿಂಗವ್ವ ಕಾಯಿಕಾಯಿಯನ್ನೂ ತಿರುವಿ ನೋಡಿದಳು, ನಂಬಲಿಲ್ಲ, ಮತ್ತೆ ನೋಡಿದಳು. ಆಮೇಲೆ ನಳಕ್ಕೆ ಹೋಗಿ ಎಲ್ಲರಿಗೂ ಕೇಳುವಂತೆ ಸಾರಿದಳು.

"ನಮ್ಮ ಮನ್ಯಾಗ ಶುದ್ಧ ಇಲ್ಲ ಅಂದಿದ್ರಲ್ಲ? ನೋಡ ಬರ್ರಿ. ಒಂದ ಅಮಾಸಿ ಲೋಬಾನ ಹಾಕಿದ್ದಕ್ಕ ಹುಳ ಗಂಟುಮೂಟಿ ಕಟ್ಟಿದವು. ಎಲ್ಲಿಗೆ ಹೋದವೋ, ಯಾರಿಗೆ ಗೊತ್ತು!"

ಮುಂದಿನ ಅಮಾವಾಸ್ಯೆಗೆ ಇಡೀ ಓಣಿ ಲೋಬಾನ ಹಾಕಿತು. ನಿಗಾ ಕೊಠಡಿಯ ಪರದೆಯ ಮೇಲೆ ಗುಡ್ಡದ ಬಡಾವಣೆಯ ಚುಕ್ಕೆಗಳೆಲ್ಲ ಒಟ್ಟಿಗೇ ಬೂದುಬಣ್ಣಕ್ಕೆ ತಿರುಗಿದವು. ಬೆಂಕಿ ಬಿದ್ದಿದೆಯೆಂದು ಯಾರೋ ಅಗ್ನಿಶಾಮಕದವರಿಗೂ ಫೋನು ಮಾಡಿಬಿಟ್ಟರು. ಎಲ್ಲರಿಗಿಂತ ಹೆಚ್ಚು ಹೊಗೆ ಹಾಕಿದವಳು ಕಸ್ತೂರವ್ವ. ಅವಳ ಗಿಡದ ಬುಡದಲ್ಲಿ ತೂತು ಬಿದ್ದ ಕಾಯಿಗಳು ಉದುರಲು ಶುರುವಾಗಿದ್ದವು. ಅವನ್ನು ಯಾರೂ ಏಳುವ ಮೊದಲೇ ಗುಡಿಸಿ ಮಣ್ಣಲ್ಲಿ ಮುಚ್ಚುತ್ತಿದ್ದಳು. ಆದರೆ ವಾಸನೆಯನ್ನು ಮಣ್ಣಲ್ಲಿ ಮುಚ್ಚಲಾಗಲಿಲ್ಲ.

ಆ ಹೊತ್ತಿಗೆ ಕಸ್ತೂರವ್ವನ ಮಗಳು ರೋಹಿಣಿ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಿದ್ದಳು. ಏಳು ತಿಂಗಳಿಗೆ ಉಡಿ ತುಂಬುವ ಕುಬಸದ ಕಾರ್ಯ ಇಟ್ಟುಕೊಂಡರು. ಓಣಿಯ ಹೆಂಗಸರನ್ನೆಲ್ಲ ಕರೆದರು. ಬಸಲಿಂಗವ್ವನನ್ನು ಕರೆದದ್ದು ಬಾಯಿಮಾತಿಗೆ. ಅವಳು ಹೋದದ್ದು ನೋಡುವುದಕ್ಕೆ. ಹೋಗುವಾಗ ಸೊಸೆಯನ್ನೂ ಎಳೆದುಕೊಂಡು ಹೋದಳು.

ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ. ರೋಹಿಣಿ ಮಣೆಯ ಮೇಲೆ ಬೆವರುತ್ತ ಕೂತಿದ್ದಳು. ಹೊಟ್ಟೆ ಮುಂದೆ ಬಂದು, ಮುಖ ಸಣ್ಣದಾಗಿತ್ತು. ಮಹಾನಂದಾ ಬಾಗಿಲ ಬಳಿ ಗೋಡೆಗೆ ಅಂಟಿಕೊಂಡು ನಿಂತಳು. ಹೆಂಗಸರು ಒಬ್ಬೊಬ್ಬರಾಗಿ ಬಂದು ಉಡಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ ಹಾಕಿದರು. ಹಣ್ಣಿನ ಸರದಿ ಬಂದಾಗ ಯಾರೋ ಬಾಳೆಹಣ್ಣು ಮುಂದೆ ಮಾಡಿದರು. ಕಸ್ತೂರವ್ವನಿಗೆ ಅದು ಚುಚ್ಚಿತು.

"ಯಾಕ, ನಮ್ಮ ಮನ್ಯಾಗ ದಾಳಿಂಬ್ರಿ ಇಲ್ಲೇನ? ಯಾರ್ಯಾರೋ ಏನೇನೋ ಆಡಾಕತ್ತೀರಿ, ನನಗ ಗೊತ್ತಿಲ್ಲ ಅಂತ ತಿಳೀಬ್ಯಾಡ್ರಿ. ನೋಡ್ರಿ, ಕಣ್ಣ ಬಿಟ್ಟು ನೋಡ್ರಿ!"

ತಟ್ಟೆಯಿಂದ ಎಲ್ಲಕ್ಕಿಂತ ದೊಡ್ಡದನ್ನು, ಕೆಂಪಗೆ ಮಿರಮಿರ ಮಿಂಚುವ ಹಣ್ಣನ್ನು ಎತ್ತಿಕೊಂಡಳು. ಸುತ್ತಲೂ ತಿರುಗಿಸಿ ತೋರಿಸಿದಳು. ಒಂದು ಕಲೆಯಿರಲಿಲ್ಲ. ತೂತು ಇದ್ದದ್ದು ಹಣ್ಣಿನ ತುದಿಯ ಕಿರೀಟದ ಒಳಗೆ, ಯಾರ ಕಣ್ಣಿಗೂ ಬೀಳದ ಕಡೆ. ಮಗಳ ಉಡಿಯ ಮೇಲೆ ಹಿಡಿದು ಎರಡೂ ಕೈಯಿಂದ ಅದನ್ನು ಬಿಚ್ಚಿದಳು.

ಕಪ್ಪು ರಸ ಅಕ್ಕಿಯ ಮೇಲೆ ಸುರಿಯಿತು. ಅದರ ಹಿಂದೆಯೇ ಒಂದು ಹುಳ ಬಿದ್ದು, ಕೊಬ್ಬರಿ ಬಟ್ಟಲಿನ ಅಂಚು ಹತ್ತಿ, ಹಸಿರು ಸೀರೆಯ ನಿರಿಗೆಯತ್ತ ತಿರುಗಿತು. ರೋಹಿಣಿ ಕಿಟಾರನೆ ಚೀರಿದಳು. ಉಡಿಯನ್ನು ಕೊಡವಿ ಎದ್ದಳು, ಅಕ್ಕಿ ಚೆಲ್ಲಾಪಿಲ್ಲಿಯಾಯಿತು, ಎಲ್ಲರೂ ಸೀರೆ ಎತ್ತಿಕೊಂಡು ಹಿಂದೆ ಸರಿದರು.

ಬಸಲಿಂಗವ್ವ ಮಾತ್ರ ಸರಿಯಲಿಲ್ಲ. "ಒಳಗಿನವಕ್ಕ ಕಾಲ ಅದಾವ ಅಂದಿದ್ದಿಯಲ್ಲ ಕಸ್ತೂರಿ? ಖರೇ ನೋಡು. ಬಂದಾವ."

ಮಹಾನಂದಾ ಅತ್ತೆಯ ಮುಖ ನೋಡಿದಳು. ಅಂಥ ಸಂತೋಷವನ್ನು ಆ ಮುಖದಲ್ಲಿ ಅವಳು ಮಗ ಮನೆಗೆ ಬಂದ ದಿನವೂ ಕಂಡಿರಲಿಲ್ಲ. ಅಡಿಗೆಮನೆಯ ಕಡೆಯಿಂದ ರೋಹಿಣಿ ವಾಂತಿ ಮಾಡಿಕೊಳ್ಳುವ ಸದ್ದು ಕೇಳುತ್ತಿತ್ತು.

ಆಮೇಲಿನದನ್ನು ಯಾರೂ ಕಲಿಸಿಕೊಡಬೇಕಾಗಿರಲಿಲ್ಲ. ನಳದಲ್ಲಿ ಕಸ್ತೂರವ್ವ ಬಂದರೆ ಕೊಡಗಳು ಸರಿದವು. ಅದೇ ಸೆರಗುಗಳು ಮುಚ್ಚಿಕೊಂಡವು. ಉಡಿಯಲ್ಲಿ ಹುಳ ಬಿದ್ದ ಬಸುರಿಯ ಬಗ್ಗೆ ಒಬ್ಬೊಬ್ಬರು ಒಂದೊಂದು ಆಡಿದರು, ಅದು ರೋಹಿಣಿಗೆ ಮುಟ್ಟದೆ ಇರಲಿಲ್ಲ. ಅವಳು ಊಟ ಬಿಟ್ಟು ಮಲಗಿದಳು. ಹೊಟ್ಟೆಯೊಳಗೆ ಏನೋ ಹರಿದಾಡುತ್ತದೆ ಎಂದು ಅಳುತ್ತಿದ್ದಳಂತೆ. ಅದು ಮಗುವೇ ಇರಬಹುದೆಂದು ಅವಳಿಗೆ ಹೇಳಿದರೂ ನಂಬುತ್ತಿರಲಿಲ್ಲವಂತೆ. ಓಣಿಯವರು ಗೂಳಪ್ಪ ಮಾಸ್ತರರ ಕಟ್ಟೆಗೇ ಹೋಗಿ ಕೂತರು.

"ಮಾಸ್ತರ, ನೀವ ಹಾಕಿದ ಕಟ್ಟು. ನಮ್ಮವರು ತಮ್ಮವರು ಅನ್ನೂದಿಲ್ಲ ಅಂದಿದ್ರಿ."

ಮಾಸ್ತರರು, "ಸೋಮವಾರ ಕಡೀತೀನಿ," ಎಂದರು. "ಮಗಳ ಬಾಣಂತನ ಮುಗಿಯೂ ತನಕ ಮನಿ ಬಿಡಿಸಬ್ಯಾಡ್ರಿ." ಬಂದವರು ಒಬ್ಬೊಬ್ಬರಾಗಿ ಎದ್ದು ಹೋದರು.

ಮಹಾನಂದಾ ರೇವಡಿಹಾಳರ ಬಳಿ ಹೋದಳು. ಈ ಸಲ ಅವಳೇ ಕುರ್ಚಿ ಎಳೆದುಕೊಂಡು ಕೂತಳು. "ಅದನ್ನ ಬಂದ್ ಮಾಡ್ರಿ ಸರ. ಸಿಹಿ ಗಿಡಾನ ಬ್ಯಾಡ."

"ಆಗೂದಿಲ್ಲ ಅಂತ ಹೇಳೀನಿ."

"ಅವರದು ಕಡದರ?"

"ಯಂತ್ರ ಮತ್ತೊಂದು ಆರಿಸತೈತಿ. ಇಲ್ಲಾ, ನೀನ ಆರಿಸು." ಪರದೆ ಮತ್ತೆ ಅವಳ ಕಡೆ ತಿರುಗಿತು. ಎಲ್ಲ ಮನೆಗಳ ಹೆಸರೂ ಇದ್ದವು. ನಳದಲ್ಲಿ ನಕ್ಕವರ ಹೆಸರುಗಳಿದ್ದವು, ಕೊಡ ಮುಚ್ಚಿಕೊಂಡಾಕೆಯದೂ ಇತ್ತು. ಒಬ್ಬೊಬ್ಬರ ಮೇಲೂ ಅವಳಿಗೆ ಒಂದೊಂದು ಸಿಟ್ಟಿತ್ತು, ಹುಡುಕಬೇಕಾದ್ದೇ ಇರಲಿಲ್ಲ. ಅದು ತಿಳಿದದ್ದೇ ಅವಳಿಗೆ ಹೆದರಿಕೆಯಾಯಿತು. ಯಾವ ಹೆಸರನ್ನೂ ಮುಟ್ಟದೆ, ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದು ಬಂದಳು.

ಸೋಮವಾರ ಬೆಳಿಗ್ಗೆ ಮಾಸ್ತರರು ಧೋತರ ಮೇಲೆ ಕಟ್ಟಿ, ಕೊಡಲಿ ಹಿಡಿದು ತಮ್ಮ ಅಂಗಳಕ್ಕಿಳಿದರು. ಓಣಿಯೆಲ್ಲ ಸೇರಿತ್ತು. ಬಸಲಿಂಗವ್ವ ಎಲ್ಲರಿಗಿಂತ ಮುಂದೆ, ಕೈ ಕಟ್ಟಿ ನಿಂತಿದ್ದಳು. ಕಿಟಕಿಯ ಹಿಂದೆ ರೋಹಿಣಿಯ ಮುಖ ಕಾಣುತ್ತಿತ್ತು.

"ತಡೀರಿ."

ಅಂದದ್ದು ಯಾರೆಂದು ಎಲ್ಲರೂ ಹೊರಳಿ ನೋಡಿದರು. ಮಹಾನಂದಾ ಅಷ್ಟು ಜನರ ಮುಂದೆ ಎಂದೂ ಬಾಯಿಬಿಟ್ಟವಳಲ್ಲ. ಮಾತು ತುಂಡುತುಂಡಾಗಿ ಬಂತು. ಆದರೂ ಹೇಳಿದಳು. ಓಣಿಗೊಂದು ಗಿಡವನ್ನು ಹುಳಕ್ಕೆ ಬಿಡುತ್ತಾರೆಂದು, ಅದರ ಕೋಲೇ ಚಿಟ್ಟೆಗಳನ್ನು ಕರೆಯುತ್ತದೆಂದು, ಉಳಿದವರ ಹಣ್ಣು ಉಳಿದದ್ದು ಅದರಿಂದಲೇ ಎಂದು ಹೇಳಿದಳು. ಮೊದಲು ಅದು ತಮ್ಮ ಮನೆಯಲ್ಲಿತ್ತು ಎಂದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

"ಇವರ ಮನಿಗೆ ಹಾಕಿದಾಕಿ ನಾನ."

ಕಸ್ತೂರವ್ವ ಬಂದ ವೇಗಕ್ಕೆ ಯಾರೂ ನಡುವೆ ಹೋಗಲಾಗಲಿಲ್ಲ. ಕಪಾಳಕ್ಕೆ ಬಿದ್ದ ಏಟಿಗೆ ಮಹಾನಂದಾ ಗೋಡೆಗೆ ಬಡಿದಳು.

"ನನ್ನ ಮಗಳ ಉಡಿಯೊಳಗ ಹುಳ ಹಾಕಿದಿ! ಹೊಟ್ಟಿ ಮುಂದ ಇಟಗೊಂಡು ಕುಂತಾಕಿ ಉಡಿಯೊಳಗ! ಬಾಯಿ ಇಲ್ಲದಾಕಿ ಅಂತಿದ್ದರಲ್ಲ ನಿನ್ನ!"

ಬಸಲಿಂಗವ್ವ ಸೊಸೆಯ ನೆರವಿಗೆ ಬರಲಿಲ್ಲ. "ನನ್ನ ಮುಂದ ಹೇಳಲಿಲ್ಲ ನೀನು," ಎಂದಳು ಮೆಲ್ಲಗೆ. "ನಾ ಹುಚ್ಚಿಗತೆ ಊರ ತುಂಬ ಲೋಬಾನ ಲೋಬಾನ ಅನಕೋತ ತಿರಗಿದೆ. ನೀ ನೋಡಕೋತ ಕುಂತಿ."

ಗದ್ದಲ ಬೇರೆ ಕಡೆ ತಿರುಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕೆಲವರು ಕೋಲು ಕೀಳೋಣ ಎಂದರು. ಕಿತ್ತರೆ ಯಾರ ಗಿಡವೂ ಉಳಿಯುವುದಿಲ್ಲ, ಗಿಡವಿಲ್ಲದೆ ಮನೆಯಿಲ್ಲ ಎಂದು ಮಾಸ್ತರರು ಹೇಳಿದಾಗ ಕೀಳೋಣವೆಂದವರೇ ಹಿಂದೆ ಸರಿದರು.

"ಹಂಗಾದರ ನೀರಿನಂಗ ಪಾಳಿ ಹಚ್ಚೋಣು," ಎಂದಿತು ಒಂದು ದನಿ. "ಒಂದ ತಿಂಗಳು ಒಬ್ಬರ ಮನಿ."

ಪಾಳಿ ಎಲ್ಲರಿಗೂ ಒಪ್ಪಿಗೆಯಾಯಿತು, ಮೊದಲು ಯಾರದೆಂದು ಕೇಳುವ ತನಕ. ಒಬ್ಬರ ಮನೆಯಲ್ಲಿ ಮದುವೆಯಿತ್ತು. ಒಬ್ಬರ ಗಿಡ ಎಳೆಯದು. ಇನ್ನೊಬ್ಬರಿಗೆ ಬೀಗರು ಬರುವವರಿದ್ದರು. ಮಾತು ಹೋಗಿ ಬೈಗುಳವಾಯಿತು, ಬೈಗುಳದ ಜೊತೆ ಯಾರದೋ ಅಪ್ಪ-ಅಜ್ಜಂದಿರೂ ಬೀದಿಗೆ ಬಂದರು. ಹುಳವನ್ನು ಮರೆತು ಎಲ್ಲರೂ ಎಲ್ಲರ ಮೇಲೂ ಬಿದ್ದರು.

"ನಮ್ಮ ಮನಿಗೆ ಹೊಳ್ಳಿ ಹಾಕ್ರಿ," ಎಂದಳು ಬಸಲಿಂಗವ್ವ.

ಅವಳ ಎತ್ತರದ ದನಿಗೆ ಗದ್ದಲ ಒಮ್ಮೆಗೇ ಇಳಿಯಿತು. ಯಾರೋ ಉದ್ದಕ್ಕೆ ಉಸಿರು ಬಿಟ್ಟು, "ದೊಡ್ಡ ಮನಸ್ಸು ಬಿಡ್ರಿ ನಿಮ್ಮದು" ಎಂದರು.

"ದೊಡ್ಡ ಮನಸ್ಸು ಗಿನಸ್ಸು ನನ್ನ ಕಡೆ ಇಲ್ಲ. ಕೇಳ್ರಿ ಮುಂದ. ಪಾಳಿ ಗಿಡಕ್ಕಲ್ಲ, ಕೈಗೆ. ದಿನಾ ಒಂದ ಮನಿಯಾಕಿ ನನ್ನ ಅಂಗಳಕ್ಕ ಬರಬೇಕು. ಚಿಟ್ಟಿ ಮೊಟ್ಟಿ ಇಟ್ಟಿದ್ದನ್ನ ಉಗುರಲೆ ಕೆರೀಬೇಕು. ತೂತ ಬಿದ್ದ ಕಾಯಿ ಕಿತ್ತು ನೀರಾಗ ಮುಳುಗಿಸಬೇಕು. ಹುಳ ಮುಟ್ಟಬೇಕು. ಇಷ್ಟ ದಿನ ನನ್ನ ಅಂಗಳಕ್ಕ ಕಾಲ ಇಡಲಿಲ್ಲಲ್ಲ ನೀವು? ಇನ್ನ ಮ್ಯಾಲ ಇಡ್ರಿ. ಒಬ್ಬಾಕಿ ತಪ್ಪಿಸಿದರೂ ಕೋಲು ನಾನ ಕಿತ್ತ ಒಗೀತೀನಿ, ಓಣಿ ಓಣೀನ ಹಾಳಾಗಲಿ."

ಯಾರಿಗೂ ಬೇರೆ ದಾರಿ ಇರಲಿಲ್ಲ. ಮಾಸ್ತರರು ಕೊಡಲಿಯನ್ನು ಗೋಡೆಗೆ ಆನಿಸಿಟ್ಟರು.

ಸಂಜೆ ರೇವಡಿಹಾಳರು ಜೀಪಿನಲ್ಲಿ ಬಂದರು. ಓಣಿಯವರು ಹೇಳಿದ್ದನ್ನು ನಿಂತುಕೊಂಡೇ ಕೇಳಿದರು. ಸಿಹಿ ಗಿಡದ ಹುಳವನ್ನು ಕೈಯಿಂದ ಆರಿಸಿದರೆ ಚಿಟ್ಟೆಯ ಸಂತಾನವೇ ಇಳಿಯಬಹುದು ಎಂದರು. ಆದರೆ ಅದಕ್ಕೆ ದಿನದಿನವೂ ಕೈಗಳು ಬೇಕು, ಅಷ್ಟು ಕೈ ಸಿಗುತ್ತವೆಂದು ತಮ್ಮ ಲೆಕ್ಕದಲ್ಲಿ ಹಿಡಿದಿರಲಿಲ್ಲ ಎಂದರು. ಆ ರಾತ್ರಿಯಿಂದಲೇ ಬಸಲಿಂಗವ್ವನ ಗಿಡವನ್ನು ಮತ್ತೆ ಸಿಹಿ ಗಿಡ ಮಾಡಲು ಒಪ್ಪಿದರು. ಹೋಗುವಾಗ ಮಹಾನಂದಾಳ ಕಡೆ ನೋಡದೆಯೇ, "ನಾಳಿಂದ ಬರಬ್ಯಾಡ," ಎಂದರು.

ಮರುದಿನ ಬಸಲಿಂಗವ್ವ ಅಂಗಳದಲ್ಲಿ ಒಂದು ಬಕೀಟು ನೀರಿಟ್ಟು, ತಾನು ಕಟ್ಟೆಯ ಮೇಲೆ ಗಟ್ಟಿಯಾಗಿ ಕೂತಳು. ಮೊದಲ ಪಾಳಿ ಯಾರದೆಂದು ಅವಳು ಹೇಳಿರಲಿಲ್ಲ, ಆದರೂ ಕಸ್ತೂರವ್ವ ಬಂದಳು. ಗೇಟು ತೆರೆದು, ಯಾರನ್ನೂ ಮಾತಾಡಿಸದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಗಿಡಕ್ಕೆ ಕೈ ಹಾಕಿದಳು. ಮುಳ್ಳು ಗೀರಿತು. ಕೈ ಹಿಂದೆ ತೆಗೆಯಲಿಲ್ಲ.

"ಆ ಟೊಂಗಿ ಬಿಟ್ಟಿ," ಎಂದಳು ಬಸಲಿಂಗವ್ವ ಕಟ್ಟೆಯಿಂದ.

"ಕಣ್ಣ ಅದಾವ ನನಗ."

ಮಹಾನಂದಾ ಬಾಗಿಲಲ್ಲಿ ನಿಂತಿದ್ದಳು. ನಿನ್ನೆಯಿಂದ ಅತ್ತೆ ಅವಳ ಜೊತೆ ಒಂದು ಮಾತೂ ಆಡಿರಲಿಲ್ಲ, ತಾಟಿಗೆ ರೊಟ್ಟಿಯನ್ನು ಕುಕ್ಕಿ ಹೋಗಿದ್ದಳು. "ನನ್ನ ಪಾಳಿ ಯಾವಾಗ್ರಿ, ಅತ್ತಿ?" ಎಂದು ಕೇಳಿದಳು.

"ನಿನಗೆಲ್ಲೀದು ಪಾಳಿ? ನೀ ದಿನಾ."

ಅವಳು ಇಳಿದು ಗಿಡದ ಹತ್ತಿರ ಹೋದಳು. ಕೊಂಬೆಗಳ ಸಂದಿಯಲ್ಲಿ ಕಸ್ತೂರವ್ವನ ಮುಖ ಒಂದು ಗೇಣಿನಷ್ಟು ದೂರದಲ್ಲಿತ್ತು, ಕಣ್ಣು ಕೆಂಪಗಿದ್ದವು. ಒಂದು ಕಾಯಿಯ ಕಿರೀಟದ ಮೇಲೆ ಸಾಸಿವೆಗಿಂತ ಚಿಕ್ಕ ಬಿಳಿ ಮೊಟ್ಟೆ ಹೊಳೆಯುತ್ತಿತ್ತು. ಇಬ್ಬರ ಬೆರಳೂ ಒಟ್ಟಿಗೇ ಅದರತ್ತ ಹೋದವು.

"ಈ ಕಡೆ ಬರಬ್ಯಾಡ," ಎಂದಳು ಕಸ್ತೂರವ್ವ. "ನಿನ್ನ ಕಡೇದ ನಿನಗ ಬೇಕಾದಷ್ಟೈತಿ."

ಮಹಾನಂದಾ ಗಿಡದ ಆ ಮಗ್ಗಲಿಗೆ ಹೋಗಿ, ಮಂಡಿಯೂರಿ, ಬುಡದ ಎಲೆಯಿಂದಲೇ ಒಂದೊಂದಾಗಿ ಮಗುಚಿ ನೋಡಲು ತೊಡಗಿದಳು.